ಗೊರಗುಂಟೆಪಾಳ್ಯಕ್ಕೂ ಮೊದಲೇ ತೀರ್ಮಾನ

ಮರಿಯಮ್ಮನಹಳ್ಳಿಯ ಚಾಲಕರಿಗೆ ದೊಡ್ಡ ರಸ್ತೆ ಹೊಸದಲ್ಲ. ಊರಿನ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 50 ಇದೆ. ಸಂಡೂರು ಭಾಗದ ಅದಿರು ಲಾರಿಗಳ ನಡುವೆ ಗಾಡಿ ಓಡಿಸಿ ಕೈ ಪಳಗಿದವರು ಈ ಕಡೆ ಬೇಕಾದಷ್ಟು ಮಂದಿ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ನೆಲಮಂಗಲದವರೆಗೆ ಆ ಪಳಗಿದ ಕೈ ಸಾಕು. ಅಲ್ಲಿಂದಾಚೆಗೆ ಬೇಕಾಗುವುದು ಬೇರೆ ಅಭ್ಯಾಸ. ಕೆಲಸಕ್ಕಾಗಿ ಬೆಂಗಳೂರಿಗೆ ಮನೆ ಬದಲಿಸಿದ ಈ ಲೇಖಕಿ ಕಲಿತ ಮುಖ್ಯ ಪಾಠ ಇದು: ಹೆದ್ದಾರಿಯಲ್ಲಿ ತಿರುವು ಕಂಡಮೇಲೆ ತೀರ್ಮಾನಿಸಿದರೂ ನಡೆಯುತ್ತದೆ, ನಗರದಲ್ಲಿ ಅದು ಕಾಣುವ ಮೊದಲೇ ತೀರ್ಮಾನ ಆಗಿರಬೇಕು.

ತುಮಕೂರು ರಸ್ತೆಯಲ್ಲೇ ಇದು ಅರ್ಥವಾಗುತ್ತದೆ. ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಕಡೆ ಹೋಗುವವರು ಪೀಣ್ಯ ಮೇಲ್ಸೇತುವೆ ಹತ್ತದೆ ಕೆಳಗಿನ ರಸ್ತೆಯಲ್ಲೇ ಉಳಿಯಬೇಕು. ಹತ್ತಿದವರಿಗೆ ಮುಂದೆ ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆ ಅಡ್ಡ ಸಿಗುತ್ತದೆ: ಎಡಕ್ಕೆ ಹೆಬ್ಬಾಳ, ಬಲಕ್ಕೆ ಲಗ್ಗೆರೆ, ನಾಯಂಡಹಳ್ಳಿ, ನೇರಕ್ಕೆ ಯಶವಂತಪುರ. ಸಿಗ್ನಲ್‌ನಲ್ಲಿ ನಿಂತು ಯೋಚಿಸಲು ಹಿಂದಿನವರ ಹಾರ್ನ್ ಬಿಡದು. ಎಡಕ್ಕೋ ಬಲಕ್ಕೋ ಎಂಬುದನ್ನು ಮನೆಯಲ್ಲೇ ಗಟ್ಟಿಮಾಡಿಕೊಂಡು, ಬಹಳ ಮುಂಚೆಯೇ ಆ ಸಾಲಿಗೆ ಸರಿದುಕೊಂಡವರು ನೆಮ್ಮದಿಯಿಂದ ದಾಟುತ್ತಾರೆ.

ತಿರುವು ತಪ್ಪಿತೇ? ತಪ್ಪಲಿ. ಕೊನೆಗಳಿಗೆಯಲ್ಲಿ ಅಡ್ಡ ನುಗ್ಗುವುದು, ರಿವರ್ಸ್ ಬರುವುದು ಬೇಡ. ಮುಂದಿನ ಯು-ಟರ್ನ್‌ವರೆಗೆ ಹೋಗಿ ಬಂದರೆ ಹೋಗುವುದು ಒಂದಷ್ಟು ಹೊತ್ತು, ಒಂದಷ್ಟು ಪೆಟ್ರೋಲ್ ಮಾತ್ರ.

ಹೊತ್ತಿನ ಲೆಕ್ಕವೂ ಇಲ್ಲಿ ಬದಲಾಗಬೇಕು. ನಮ್ಮ ಕಡೆ ದೂರ ಹೇಳಿದರೆ ಸಮಯ ಗೊತ್ತಾಗುತ್ತದೆ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಮೀರಿ ಹಿಡಿಯುತ್ತಿತ್ತು. ಆ ಪಟ್ಟಿಯಲ್ಲಿ ಇದಕ್ಕಿಂತ ನಿಧಾನವಾಗಿದ್ದದ್ದು ಲಂಡನ್ ಒಂದೇ. ಆದ್ದರಿಂದ ಕಚೇರಿ, ಶಾಲೆ, ಆಸ್ಪತ್ರೆಯ ದಾರಿಯನ್ನು ಮೊದಲು ಭಾನುವಾರ ಬೆಳಿಗ್ಗೆ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಎಲ್ಲಿ ಒನ್‌ವೇ, ಎಲ್ಲಿ ಹಂಪ್, ಎಲ್ಲಿ ಗಾಡಿ ನಿಲ್ಲಿಸಲು ಜಾಗ ಎಂಬುದು ಖಾಲಿ ರಸ್ತೆಯಲ್ಲೇ ಸರಿಯಾಗಿ ಕಣ್ಣಿಗೆ ಬೀಳುತ್ತದೆ.

ಮೊಬೈಲ್ ನಕ್ಷೆ ದೊಡ್ಡ ನೆರವು. ಅದನ್ನು ಕನ್ನಡದಲ್ಲೇ ದಾರಿ ಹೇಳುವಂತೆ ಇಟ್ಟುಕೊಂಡರೆ ಪರದೆ ನೋಡುವ ಗೋಜು ಕಡಿಮೆ. ಆದರೆ ಹೊರಡುವ ಮೊದಲು ಅದು ಕಾರಿನ ದಾರಿ ತೋರಿಸುತ್ತಿದೆಯೋ ಬೈಕಿನ ದಾರಿಯೋ ನೋಡಿಕೊಳ್ಳಬೇಕು. ಗೂಗಲ್ 2017ರಲ್ಲಿ ಭಾರತದ ಬೈಕ್ ಸವಾರರಿಗೆಂದೇ ಪ್ರತ್ಯೇಕ ದಾರಿ ತೋರಿಸಲು ಶುರುಮಾಡಿತು. ಆ ದಾರಿ ಕಾರು ಹಿಡಿಸದ ಗಲ್ಲಿಗೂ ಕರೆದೊಯ್ಯಬಹುದು.

ಮಳೆ ಬಂದಾಗ ಮಾತ್ರ ನಕ್ಷೆಗಿಂತ ಕಣ್ಣನ್ನೇ ನಂಬಬೇಕು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನಿಂತ ಮಳೆನೀರಿನಲ್ಲಿ ಆಂಧ್ರದ ಕುಟುಂಬವೊಂದಿದ್ದ ಕಾರು ಸಿಕ್ಕಿಬಿದ್ದು ಯುವತಿಯೊಬ್ಬಳು ಜೀವ ಕಳೆದುಕೊಂಡಳು. ಅದು ವಿಧಾನಸೌಧದ ಸಮೀಪದ ಜಾಗ. ಊರು ಪರಿಚಯವಿಲ್ಲದವರಿಗೆ ಅಂಡರ್‌ಪಾಸಿನ ತಗ್ಗು ಎಷ್ಟೆಂದು ಹೊರಗಿನಿಂದ ತಿಳಿಯುವುದಿಲ್ಲ. ತುಂಬಿದ ನೀರು ಅದನ್ನು ಮತ್ತಷ್ಟು ಮರೆಮಾಡುತ್ತದೆ. ಮುಂದಿನ ಗಾಡಿ ದಾಟಿತೆಂದು ಹಿಂಬಾಲಿಸುವುದು ಸಲ್ಲದು. ಪಕ್ಕಕ್ಕೆ ನಿಲ್ಲಿಸಿ, ಮಳೆ ತಗ್ಗಲಿ ಎಂದು ಕಾಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಎಲ್ಲ ಕಡೆಗೂ ಕಾರೇ ಬೇಕೆಂದೇನಿಲ್ಲ. ಮೆಟ್ರೊ ಹಸಿರು ಮಾರ್ಗ 2024ರ ನವೆಂಬರ್‌ನಿಂದ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಮೆಜೆಸ್ಟಿಕ್‌ನಲ್ಲಿ ಕೆಲಸವಿದ್ದವರು ನಾಗಸಂದ್ರದಲ್ಲಿ ಗಾಡಿ ನಿಲ್ಲಿಸಿ ರೈಲು ಹತ್ತಬಹುದು. ಹೊಸಬರಿಗೆ ಮೊದಲ ದಿನಗಳಲ್ಲಿ ಇದರಿಂದ ಬಹಳ ಉಪಕಾರ.

ಇನ್ನು ಕಾಗದಪತ್ರ. ಹೊಸಪೇಟೆಯ ಕೆಎ-35 ನಂಬರ್ ಇದೇ ರಾಜ್ಯದ್ದಾದ್ದರಿಂದ ಬದಲಿಸಬೇಕಿಲ್ಲ, ಹೊಸದಾಗಿ ರಸ್ತೆ ತೆರಿಗೆಯೂ ಇಲ್ಲ. ಆದರೆ ವಿಳಾಸ ಬದಲಾದ 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಿಂದ ಸಿಗ್ನಲ್ ದಾಟಿದವರನ್ನು, ಹೆಲ್ಮೆಟ್, ಸೀಟ್‌ಬೆಲ್ಟ್ ಇಲ್ಲದವರನ್ನು ಕ್ಯಾಮೆರಾಗಳೇ ಗುರುತಿಸುತ್ತಿವೆ. ದಂಡದ ಸಂದೇಶ ಹೋಗುವುದು ಆರ್‌ಸಿಗೆ ಜೋಡಿಸಿದ ಮೊಬೈಲಿಗೆ. ಆ ನಂಬರ್ ಊರಲ್ಲಿರುವ ಅಪ್ಪನದ್ದೋ ಅಣ್ಣನದ್ದೋ ಆಗಿದ್ದರೆ ವಿಳಾಸದ ಜೊತೆಗೇ ಅದನ್ನೂ ಬದಲಿಸಿಕೊಳ್ಳಬೇಕು.