ಸಕ್ಕರೆ ಕಾಯಿಲೆ ಇಲ್ಲ, ಆದರೂ ಕಾಲು ಉರಿ

ಪ್ರಶ್ನೆ: ನಮ್ಮ ಅಮ್ಮನಿಗೆ 56 ವರ್ಷ. ಮಾಗಿಯ ಚಳಿ ಶುರುವಾದಾಗಿನಿಂದ ಎರಡೂ ಪಾದ ಉರಿ, ಜೋಮು. ಮೊಣಕಾಲ ಕೆಳಗೆ ಕೆಂಪು ಚುಕ್ಕೆ ಏಳುತ್ತವೆ, ಆಮೇಲೆ ಕಪ್ಪಾಗಿ ಮಾಸುತ್ತವೆ. ಹದಿನೈದು ದಿನದಿಂದ ಬಲಪಾದ ಎತ್ತಲು ಆಗುತ್ತಿಲ್ಲ, ಚಪ್ಪಲಿ ಜಾರಿಹೋದರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲ ಎಂದರು. ನರದೌರ್ಬಲ್ಯವೆಂದು ಬಿ12 ಇಂಜೆಕ್ಷನ್ ಕೊಟ್ಟರು. ಸಿದ್ದರಬೆಟ್ಟದ ಸೊಪ್ಪಿನ ಕಷಾಯ ಕುಡಿಸುತ್ತಿದ್ದೇವೆ. ಅಲ್ಲಿ ಗುಹೆಯ ತಣ್ಣೀರು ಮೈಮೇಲೆ ಹಾಕಿಸಿಕೊಂಡು ಬಂದ ಮಾರನೆಯ ದಿನ ಚುಕ್ಕೆ ಹೆಚ್ಚಾದವು. 1996ರ ಹೆರಿಗೆಯಲ್ಲಿ ರಕ್ತ ಏರಿಸಿದ್ದರು. ಇದೇನು ಡಾಕ್ಟ್ರೇ?
– ಓದುಗರು, ಕೊರಟಗೆರೆ ತಾಲ್ಲೂಕು

ಉತ್ತರ: ನೀವು ಬರೆದಿರುವುದರಲ್ಲಿ ಮೂರು ಸಂಗತಿಗಳು ನನ್ನನ್ನು ಕಾಡುತ್ತಿವೆ: ಚಳಿಗೆ ಹೆಚ್ಚುವ ಚುಕ್ಕೆ, ಜೋತುಬಿದ್ದ ಪಾದ, ಹಳೆಯ ಕಾಲದಲ್ಲಿ ಏರಿಸಿದ ರಕ್ತ. ಬೆರಳಿನಿಂದ ಒತ್ತಿದರೂ ಚುಕ್ಕೆ ಮಾಸದಿದ್ದರೆ ಅದು ಸಣ್ಣ ರಕ್ತನಾಳ ಉರಿಯೂತಗೊಂಡು ಚರ್ಮದೊಳಗೆ ರಕ್ತ ಸೋರಿರುವ ಗುರುತು.

ನರಗಳಿಗೂ ಅವುಗಳದೇ ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳಿವೆ. ಅವು ಊದಿ ಮುಚ್ಚಿಕೊಂಡರೆ ನರ ಉಪವಾಸ ಬೀಳುತ್ತದೆ. ಒಂದು ಪಾದ ಇದ್ದಕ್ಕಿದ್ದಂತೆ ಸೋಲುವುದು ಹೀಗೆ. ಇದಕ್ಕೆ ಕಾರಣಗಳಲ್ಲೊಂದು ಕ್ರಯೋಗ್ಲಾಬ್ಯುಲಿನ್ ಎಂಬ ವಿಕೃತ ಪ್ರತಿಕಾಯ. ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಇದು ತಂಪಿಗೆ ಗಟ್ಟಿಯಾಗುತ್ತದೆ, ಬಿಸಿಗೆ ಕರಗುತ್ತದೆ. 1947ರಲ್ಲಿ ಲರ್ನರ್ ಮತ್ತು ವಾಟ್ಸನ್ ಇದಕ್ಕೆ ಹೆಸರಿಟ್ಟರು. ಬಹಳಷ್ಟು ರೋಗಿಗಳಲ್ಲಿ ಇದರ ಬೆನ್ನಿಗಿರುವುದು ಹೆಪಟೈಟಿಸ್ ಸಿ ವೈರಸ್ ಎಂಬುದು 1989ರಲ್ಲಿ ಆ ವೈರಸ್ ಪತ್ತೆಯಾದ ಮೇಲೆ ತಿಳಿಯಿತು. ನಮ್ಮ ದೇಶದ ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಆದ್ದರಿಂದಲೇ 1996ರ ಮಾತು ಮುಖ್ಯ.

ಕ್ರಯೋಗ್ಲಾಬ್ಯುಲಿನ್ ಪರೀಕ್ಷೆಯಲ್ಲಿ ಒಂದು ಎಚ್ಚರ ಬೇಕು. ತೆಗೆದ ರಕ್ತವನ್ನು ಹೆಪ್ಪುಗಟ್ಟಿ ಸೀರಂ ಬೇರ್ಪಡಿಸುವವರೆಗೆ 37 ಡಿಗ್ರಿಯಲ್ಲೇ ಇಡಬೇಕು. ಊರಿನಲ್ಲಿ ತೆಗೆದು ಐಸ್ ಡಬ್ಬಿಯಲ್ಲಿ ಬೆಂಗಳೂರಿಗೆ ಕಳಿಸಿದರೆ ಪ್ರತಿಕಾಯ ಹೆಪ್ಪಿನೊಳಗೇ ಸಿಕ್ಕಿಕೊಂಡು ‘ಇಲ್ಲ’ ಎಂಬ ಸುಳ್ಳು ವರದಿ ಬರಬಹುದು. ಲ್ಯಾಬ್ ಇರುವಲ್ಲಿಗೇ ಅಮ್ಮನನ್ನು ಕರೆದೊಯ್ಯಿರಿ. ಜೊತೆಗೆ ಹೆಪಟೈಟಿಸ್ ಬಿ ಮತ್ತು ಸಿ, ಮೂತ್ರ, ಕ್ರಿಯಾಟಿನಿನ್, ಸಂಧಿವಾತದ ಪ್ರತಿಕಾಯಗಳು, ನರವಹನ ಪರೀಕ್ಷೆ ಆಗಲಿ. ಬೇಕಾದರೆ ಪಾದದ ನರದ ಚೂರು ತೆಗೆದು ನೋಡುತ್ತಾರೆ. ಮೂತ್ರಪಿಂಡವೂ ಇದೇ ಉರಿಯೂತಕ್ಕೆ ಸಿಕ್ಕಬಹುದು, ಅದು ನೋವು ತೋರಿಸುವುದಿಲ್ಲ. ಸ್ಪರ್ಶವಿಲ್ಲದ ಮಚ್ಚೆ, ದಪ್ಪಗಾದ ನರ ಇದ್ದರೆ ಕುಷ್ಠರೋಗವನ್ನೂ ಪರಿಶೀಲಿಸಲೇಬೇಕು. ಅದಕ್ಕೆ ಔಷಧಿ ಉಚಿತ, ನಾಚಿಕೆ ಬೇಡ.

ಹೆಪಟೈಟಿಸ್ ಸಿ ಎಂದು ಖಚಿತವಾದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಬಹುತೇಕರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಮಾತ್ರೆ ಉಚಿತ. ಪಾದ ಸೋತಿರುವುದರಿಂದ ಉರಿಯೂತ ತಗ್ಗಿಸಲು ಸ್ಟೀರಾಯ್ಡ್, ರಿಟಕ್ಸಿಮ್ಯಾಬ್‌ನಂಥ ಔಷಧಿಯೂ ಬೇಕಾಗಬಹುದು. ಸ್ಟೀರಾಯ್ಡನ್ನು ನೀವಾಗಿಯೇ ಅಂಗಡಿಯಲ್ಲಿ ಕೊಳ್ಳಬೇಡಿ. ನರ ಚಿಗುರುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಪಾದ ಮತ್ತೆ ಏಳಲು ತಿಂಗಳುಗಳೇ ಬೇಕು, ತಡವಾದರೆ ಏಳದೆಯೂ ಇರಬಹುದು.

ಬೆಟ್ಟದ ಮೂಲಿಕೆಗಳ ಮೇಲೆ ನಿಮ್ಮ ಸೀಮೆಯವರಿಗಿರುವ ನಂಬಿಕೆ ನನಗೆ ಗೊತ್ತು. ಆದರೆ ಯಕೃತ್ತಿನಲ್ಲಿ ವೈರಸ್ ಇದ್ದರೆ ಹೆಸರು ಗೊತ್ತಿಲ್ಲದ ಸೊಪ್ಪು ಅಪಾಯ, ಈಗ ನಿಲ್ಲಿಸಿ. ತಣ್ಣೀರು ಬೇಡ, ಕಾಲುಚೀಲ ಹಾಕಿಸಿ, ಬರಿಗಾಲಲ್ಲಿ ಬೆಟ್ಟ ಹತ್ತಿಸಬೇಡಿ. ನಾಳೆಯೇ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನಿಮ್ಹಾನ್ಸ್‌ಗೆ ಚೀಟಿ ಕೇಳಿ. ಇನ್ನೊಂದು ಬಿ12 ಇಂಜೆಕ್ಷನ್‌ಗಾಗಿ ಕಾಯಬೇಡಿ.