ಎಣ್ಣೆ ಬಾವಿಯ ಮೇಲ್ವಿಚಾರಣೆ

ಅಡಿಗೆಮನೆಯ ಗ್ಯಾಸಿನಿಂದ ಮೊದಲ್ಗೊಂಡು ಬಸ್ಸಿನ ಡೀಸೆಲ್ಲಿನವರೆಗೆ ನಾವು ದಿನನಿತ್ಯ ಬಳಸುವ ಅನೇಕ ವಸ್ತುಗಳು ಭೂಗರ್ಭದಿಂದ ಬಂದವುಗಳೆಂಬುದನ್ನು ಎಲ್ಲರೂ ಬಲ್ಲರು. ಬಾವಿ ಕೊರೆದವರ ಸಾಹಸದ ಕಥೆಗಳನ್ನೂ ಕೇಳಿದ್ದೇವೆ. ಆದರೆ ಕೊರೆದು ಮುಗಿದ ಮೇಲೆ, ಹತ್ತಾರು ವರ್ಷಗಳ ಕಾಲ ಆ ಬಾವಿಯನ್ನು ದಿನದಿನವೂ ನೋಡಿಕೊಳ್ಳುವವರು ಯಾರು? ಅವರು ಮಾಡತಕ್ಕ ಕೆಲಸವೇನು? ಈ ವಿಷಯವನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ದೇಶಕ್ಕೆ ಈ ಉದ್ಯಮ ಹೊಸದಲ್ಲ. ಅಸ್ಸಾಮಿನ ಡಿಗ್ಬಾಯಿಯಲ್ಲಿ 1889ರಲ್ಲಿಯೇ ಬಾವಿ ಕೊರೆಯಲಾರಂಭಿಸಿದರು. 1901ರಲ್ಲಿ ಅಲ್ಲಿ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆ ಸ್ಥಾಪಿತವಾಯಿತು. 1960ರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿಯೂ, 1974ರಲ್ಲಿ ಮುಂಬಯಿಗೆ ಪಶ್ಚಿಮದ ಸಮುದ್ರದ ಅಡಿಯಲ್ಲಿಯೂ ಎಣ್ಣೆ ದೊರಕಿತು. 1952ರ ಗಣಿ ಕಾಯಿದೆಯು ಎಣ್ಣೆ ಬಾವಿಯನ್ನೂ ಗಣಿಯೆಂದೇ ಎಣಿಸಿತು. ಗಣಿಯಷ್ಟೇ ಅಪಾಯ ಅಲ್ಲಿಯೂ ಇದೆಯೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಬಾವಿಯೆಂದೊಡನೆ ನಮ್ಮ ಕಣ್ಣಮುಂದೆ ರಾಟೆ, ಹಗ್ಗ, ಕೊಡಗಳು ನಿಲ್ಲುತ್ತವೆ. ಎಣ್ಣೆ ಬಾವಿ ಹಾಗಿಲ್ಲ. ಅದು ಸಾವಿರಾರು ಅಡಿ ಆಳಕ್ಕೆ ಇಳಿದ ಕಿರಿದಾದ ರಂಧ್ರ. ಅದರಲ್ಲಿ ಉಕ್ಕಿನ ಕೊಳವೆ, ಆ ಕೊಳವೆಯೊಳಗೆ ಮತ್ತೊಂದು ಕೊಳವೆ. ನೀರಿನ ಬಾವಿಯಿಂದ ನಾವು ಸೇದಬೇಕು. ಹೊಸ ಎಣ್ಣೆ ಬಾವಿಯಲ್ಲಾದರೋ ಭೂಮಿಯೊಳಗಿನ ಒತ್ತಡವೇ ಅನೇಕ ವೇಳೆ ಎಣ್ಣೆಯನ್ನು ಮೇಲಕ್ಕೆ ನೂಕುತ್ತದೆ. ಒತ್ತಡ ತಗ್ಗಿದ ಮೇಲೆ ಪಂಪು ಬೇಕಾಗುತ್ತದೆ. ಬಾವಿಯ ಬಾಯಿಗೆ ಹಲವು ಕವಾಟಗಳನ್ನು ಜೋಡಿಸಿರುತ್ತಾರೆ. ಕೆರೆಯ ತೂಬನ್ನು ಎತ್ತಿ ಇಳಿಸಿ ನೀರನ್ನು ಹದವರಿತು ಬಿಡುವ ನೀರುಗಂಟಿಯಂತೆಯೇ ಬಾವಿಯ ಮೇಲ್ವಿಚಾರಕನು. ವ್ಯತ್ಯಾಸವಿಷ್ಟೇ: ನೀರುಗಂಟಿಗೆ ತನ್ನ ಕೆರೆ ಕಣ್ಣಿಗೆ ಕಾಣುತ್ತದೆ, ಇವನಿಗೆ ತನ್ನ ಕೆರೆ ಎಂದೂ ಕಾಣುವುದಿಲ್ಲ.

ಆದುದರಿಂದ ಅವನು ಅಂಕಿಗಳನ್ನೇ ಕಣ್ಣಾಗಿ ಮಾಡಿಕೊಳ್ಳಬೇಕು. ಪಾಳಿಗೆ ಬಂದೊಡನೆ ಒಳಕೊಳವೆಯ ಒತ್ತಡವನ್ನೂ, ಎರಡು ಕೊಳವೆಗಳ ನಡುವಣ ಸಂದಿನ ಒತ್ತಡವನ್ನೂ ಗುರುತು ಮಾಡುತ್ತಾನೆ. ಬಾವಿಯಿಂದ ಬರುವುದು ಬರಿಯ ಎಣ್ಣೆಯಲ್ಲ. ಅನಿಲವೂ ನೀರೂ ಕೂಡಿಬರುತ್ತವೆ. ಇವನ್ನು ಬೇರ್ಪಡಿಸುವ ಪಾತ್ರೆಯ ಮಟ್ಟವನ್ನು ನೋಡಬೇಕು. ತೊಟ್ಟಿಯ ಎಣ್ಣೆಯನ್ನು ಅಳೆಯಬೇಕು. ಮಾದರಿ ತೆಗೆದು ನೀರಿನ ಪಾಲೆಷ್ಟೆಂದು ತಿಳಿಯಬೇಕು. ಅನೇಕ ಬಾವಿಗಳ ಎಣ್ಣೆ ಒಂದೇ ಕೇಂದ್ರದಲ್ಲಿ ಕೂಡುವುದರಿಂದ, ಒಂದೊಂದು ಬಾವಿಯನ್ನೂ ಸರದಿಯಂತೆ ಬೇರೆಯಾಗಿ ಪರೀಕ್ಷಿಸುತ್ತಾರೆ.

ಅಳೆದರಷ್ಟೇ ಸಾಲದು, ಅರ್ಥ ಮಾಡಿಕೊಳ್ಳಬೇಕು. ಒಂದು ಉದಾಹರಣೆ ನೋಡೋಣ. ಬಾವಿಯ ಬಾಯಲ್ಲಿ ಹರಿವನ್ನು ಹದಕ್ಕೆ ತರುವ ಸಣ್ಣ ಕಂಡಿಯೊಂದಿರುತ್ತದೆ. ಇದನ್ನು ಚೋಕ್ ಎನ್ನುತ್ತಾರೆ. ಒಂದು ದಿನ ಎಣ್ಣೆ ಕಡಮೆಯಾಯಿತೆನ್ನಿ. ಕಂಡಿಯ ಹಿಂದಿನ ಒತ್ತಡ ಏರಿದ್ದರೆ ಕಂಡಿಯೋ ಅದರಾಚೆಯ ಕೊಳವೆಯೋ ಕಟ್ಟಿರಬಹುದು. ಆ ಒತ್ತಡವೂ ಇಳಿದಿದ್ದರೆ, ಕೆಳಗೆ ಕೊಳವೆಯೊಳಗೆ ಮೇಣ ಹೆಪ್ಪುಗಟ್ಟಿರಬಹುದು, ಇಲ್ಲವೇ ಭೂಮಿಯೊಳಗಿನ ಒತ್ತಡವೇ ಕುಗ್ಗಿರಬಹುದು. ಕೊಳವೆಗಳ ಸಂದಿನಲ್ಲಿ ಕಾರಣವಿಲ್ಲದೆ ಒತ್ತಡ ಏರಿದರೆ ಸೋರಿಕೆಯ ಶಂಕೆ ಹುಟ್ಟಬೇಕು. ನಿನ್ನೆಯ ಅಂಕಿ ಸುಳ್ಳಾದರೆ ಇಂದಿನ ಅಂಕಿಗೆ ಅರ್ಥವೇ ಇಲ್ಲ.

ಇಂದ್ರಿಯಗಳನ್ನು ನಂಬಿ ಕೂಡುವಂತೆಯೂ ಇಲ್ಲ. ಕೆಲವು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಿರುತ್ತದೆ. ಅಲ್ಪವಾಗಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದು ಮುಂದೆ ಹೋದವನು ಸಾಯಬಹುದು. ಆದ್ದರಿಂದಲೇ ಅನಿಲವನ್ನು ಪತ್ತೆ ಹಚ್ಚುವ ಉಪಕರಣ ಬೇಕು.

ಪಾಳಿ ಬದಲಾಗುವ ಹೊತ್ತು ಈ ಕೆಲಸದಲ್ಲಿ ಬಹು ಸೂಕ್ಷ್ಮವಾದುದು. ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ಎಣ್ಣೆಯ ಅಟ್ಟಣೆಯಲ್ಲಿ 1988ರ ಜುಲೈ 6ರಂದು ನಡೆದುದನ್ನು ನೋಡಿ. ಅಲ್ಲಿದ್ದ ಎರಡು ಪಂಪುಗಳಲ್ಲಿ ಒಂದರ ರಕ್ಷಣಾ ಕವಾಟವನ್ನು ದುರಸ್ತಿಗಾಗಿ ಕಳಚಿ, ಆ ಜಾಗಕ್ಕೆ ಮುಚ್ಚಳ ಹಾಕಿದ್ದರು. ಈ ಸಂಗತಿ ರಾತ್ರಿಯ ಪಾಳಿಯವರಿಗೆ ತಿಳಿಯಲಿಲ್ಲ. ಎರಡನೆಯ ಪಂಪು ನಿಂತುಹೋದಾಗ ಅವರು ಮೊದಲನೆಯದನ್ನು ನಡೆಸಹೊರಟರು. ಅನಿಲ ಸೋರಿ ಸ್ಫೋಟವಾಯಿತು. 167 ಜನ ಮಡಿದರು. ಬೆಂಕಿ ಹತ್ತಿದ ಮೇಲೂ, ಅದಕ್ಕೆ ಕೊಳವೆಯಿಂದ ಕೂಡಿಕೊಂಡಿದ್ದ ನೆರೆಯ ಅಟ್ಟಣೆಗಳು ತಮ್ಮ ಎಣ್ಣೆಯನ್ನು ಕೂಡಲೇ ನಿಲ್ಲಿಸಲಿಲ್ಲ. 1990ರಲ್ಲಿ ಪ್ರಕಟವಾದ ಲಾರ್ಡ್ ಕಲೆನ್ ಅವರ ವಿಚಾರಣಾ ವರದಿ 106 ಶಿಫಾರಸುಗಳನ್ನು ಮಾಡಿತು.

ನಮ್ಮ ದೇಶದಲ್ಲಿಯೂ ಇಂಥ ಆಪತ್ತು ಒದಗಿದೆ. 2020ರ ಮೇ 27ರಂದು ಅಸ್ಸಾಮಿನ ಬಾಘ್‌ಜಾನಿನಲ್ಲಿ ದುರಸ್ತಿ ನಡೆಯುತ್ತಿದ್ದ ಬಾವಿಯೊಂದು ಹತೋಟಿ ತಪ್ಪಿತು. ಜೂನ್ 9ರಂದು ಅದಕ್ಕೆ ಬೆಂಕಿ ಹತ್ತಿ, ಅಗ್ನಿಶಾಮಕ ದಳದ ಇಬ್ಬರು ಪ್ರಾಣ ತೆತ್ತರು. ಸುತ್ತಲಿನ ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಬಾವಿಯನ್ನು ಅಡಗಿಸುವ ವೇಳೆಗೆ ನವೆಂಬರ್ ತಿಂಗಳಾಗಿತ್ತು. ಆ ರೈತರು ಬಾವಿಯ ಲಾಭದಲ್ಲಿ ಪಾಲುದಾರರಲ್ಲ. ಕಷ್ಟದಲ್ಲಿ ಮಾತ್ರ ಪಾಲು ಅವರ ಮನೆಯ ಬಾಗಿಲಿಗೇ ಬಂತು.

ಇದರಿಂದ ಮೇಲ್ವಿಚಾರಕನಲ್ಲಿ ಎರಡು ಗುಣಗಳು ಅವಶ್ಯವೆಂದು ತೋರುತ್ತದೆ. ಕಂಡುದನ್ನು ಕಂಡಂತೆಯೇ, ಮುಂದೆ ಬರುವವನಿಗೆ ತಿಳಿಯುವಂತೆ ಬರೆಯಬೇಕು. ಸಂಶಯ ಬಂದಾಗ ಕೆಲಸವನ್ನು ನಿಲ್ಲಿಸುವ ಧೈರ್ಯವಿರಬೇಕು. ಆ ಅಧಿಕಾರವನ್ನು ಮೇಲಿನವರು ಅವನಿಗೆ ಮೊದಲೇ ಕೊಟ್ಟಿರಬೇಕು; ಒಂದು ದಿನದ ಎಣ್ಣೆ ನಷ್ಟವಾಯಿತೆಂದು ಅವನನ್ನು ಗದರಿಸಕೂಡದು.

ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಬರವಣಿಗೆಯೆಂದರೆ ಪರೀಕ್ಷೆಯ ಉತ್ತರಪತ್ರಿಕೆ ಎಂದೇ ತಿಳಿಯುವುದುಂಟು. ನಾಳೆ ನಮ್ಮಲ್ಲಿ ಹಲವರು ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಯಾವುದಾದರೊಂದು ದಿನಚರಿಯ ಪುಸ್ತಕಕ್ಕೆ ಸಹಿ ಹಾಕುವವರೇ. ಆ ಪುಟವನ್ನು ನಂಬಿ ರಾತ್ರಿಯ ಪಾಳಿಗೆ ಇಳಿಯುವವನೊಬ್ಬನಿದ್ದಾನೆಂಬುದನ್ನು ನೆನಪಿನಲ್ಲಿಟ್ಟು ಬರೆದರೆ, ನಮ್ಮ ಓದು ಒಬ್ಬರ ಪ್ರಾಣವನ್ನಾದರೂ ಕಾದೀತು.