ಹಳೆಯ ದಿವಾನ ಕೊಳ್ಳುವವರಿಗೆ ಹತ್ತು ಸೂತ್ರ

ಹಳೆಯ ಮರದ ಸಾಮಾನುಗಳಲ್ಲಿ ದಿವಾನದಷ್ಟು ದುಡಿಯುವುದು ಇನ್ನೊಂದಿಲ್ಲ. ಬೆಳಿಗ್ಗೆ ಪತ್ರಿಕೆ ಓದಲು, ಮಧ್ಯಾಹ್ನ ಅರ್ಧ ಗಂಟೆ ಒರಗಲು, ಸಂಜೆ ಬಂದವರನ್ನು ಕೂರಿಸಲು, ರಾತ್ರಿ ಉಳಿದ ನೆಂಟರಿಗೆ ಹಾಸಿಕೊಡಲು ಒಂದೇ ಸಾಕು. ಅಂಗಡಿಗೆ ಹೋದವರು ಮಾತ್ರ ಮೇಲಿನ ಹೊಳಪು ನೋಡಿ ದುಡ್ಡು ಎಣಿಸುತ್ತಾರೆ. ಅದರ ವಯಸ್ಸು, ಯೋಗ್ಯತೆ, ರೋಗ ಎಲ್ಲವೂ ತಿಳಿಯುವುದು ಅಡಿಭಾಗದಲ್ಲಿ.

1. ಮೊದಲು ಮನೆ ಅಳೆಯಿರಿ

ಹಳೆಯ ದಿವಾನಗಳನ್ನು ಮಾಡಿದ್ದು ಜಗಲಿಗೆ, ಪಡಸಾಲೆಗೆ. ಆರು ಅಡಿ ಉದ್ದದ್ದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿಡಿಯುವುದು ಕಷ್ಟ. ಬಾಗಿಲು, ಲಿಫ್ಟು, ಮೆಟ್ಟಿಲಿನ ತಿರುವು ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ. ಬಿಚ್ಚಿ ಮತ್ತೆ ಜೋಡಿಸುವಂತಿದೆಯೇ ಎಂದು ಕೇಳಿ. ಗರಗಸ ಹಾಕಿ ಒಳಗೆ ತರೋಣ ಎನ್ನುವವರ ಮಾತಿಗೆ ಎಂದೂ ಒಪ್ಪಬೇಡಿ.

2. ಯಾವ ಬಗೆ ಎಂದು ತೀರ್ಮಾನಿಸಿ

ಬ್ರಿಟಿಷರ ಕಾಲದ ಬಂಗಲೆಗಳ ಬೆತ್ತದ ದಿವಾನ ಸೆಕೆಯ ಊರಿಗೆ ಹೇಳಿ ಮಾಡಿಸಿದ್ದು. ಬೆನ್ನಿನಡಿ ಗಾಳಿಯಾಡುತ್ತದೆ. ಚೆಟ್ಟಿನಾಡಿನ ವರ್ತಕರು ಬರ್ಮಾ ತೇಗದಿಂದ ಮಾಡಿಸಿದವು ಭಾರ, ಬಲು ಗಟ್ಟಿ. ತೂಗುಮಂಚದ ಮೇಲೆ ಮನಸ್ಸಿದ್ದರೆ ಮೊದಲು ಎಂಜಿನಿಯರರನ್ನು ಕರೆಸಿ ತಾರಸಿ ತೋರಿಸಿ. ಹಳೆಯ ಮನೆಗಳಲ್ಲಿ ಆ ಭಾರವನ್ನು ಹೊತ್ತಿದ್ದು ದಪ್ಪನೆಯ ತೊಲೆ.

3. ಕೊಳ್ಳುವ ಮುನ್ನ ಕಣ್ಣು ಪಳಗಿಸಿ

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ ಹೆರಿಟೇಜ್ ವಿಲೇಜ್‌ಗೆ ಹೋಗಿ ಒಂದು ದಿನ ಸುತ್ತಾಡಿ. ಹಳೆಯ ಮರದ ಬಣ್ಣ, ಕೆತ್ತನೆ, ಸವೆತ ಹೇಗಿರುತ್ತವೆಂದು ಅಲ್ಲಿ ಗೊತ್ತಾಗುತ್ತದೆ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿ, ಕೊಚ್ಚಿಯ ಮಟ್ಟಾಂಚೇರಿ ಮುಂತಾದ ಹಳೆ ಸಾಮಾನಿನ ಪೇಟೆಗಳಿಗೆ ಆಮೇಲೆ ಹೋಗಿ.

4. ಅಡಿಗೆ ಬಗ್ಗಿ ನೋಡಿ

ಟಾರ್ಚು ಹಿಡಿದು ನೆಲಕ್ಕೆ ಕೂರಲು ಸಂಕೋಚ ಬೇಡ. ಒಳ್ಳೆಯ ವ್ಯಾಪಾರಿ ಅದಕ್ಕೆ ಬೇಸರಿಸುವುದಿಲ್ಲ. ಹಳೆಯ ಬಡಗಿ ಕಚ್ಚು ಮಾಡಿ ಕೂಡಿಸಿ, ಮರದ ಬೆಣೆ ಹೊಡೆದಿರುತ್ತಾನೆ. ಹಲಗೆಯ ಅಡಿಗೆ ಬೆರಳಾಡಿಸಿದರೆ ಕೈತೋಪಡದ ಸಣ್ಣ ಏರಿಳಿತ ಸಿಗುತ್ತದೆ. ಯಂತ್ರದಲ್ಲಿ ಕೊಯ್ದದ್ದು ಉದ್ದಕ್ಕೂ ಒಂದೇ ಸಮ. ತಲೆಯಲ್ಲಿ ಕೂಡಿಸುವ ಚಿಹ್ನೆಯಿರುವ ಸ್ಕ್ರೂ ಕಂಡರೆ ಕೇಳಿ. ಅದು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ನೂರೈವತ್ತು ವರ್ಷದ ದಿವಾನದಲ್ಲಿ ಅದಿದ್ದರೆ ಒಂದೋ ನಂತರ ರಿಪೇರಿಯಾಗಿದೆ, ಇಲ್ಲವೇ ಹೇಳಿದ ವಯಸ್ಸು ಸುಳ್ಳು.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಕಡೆದ ದುಂಡು ಕಾಲಿನ ವ್ಯಾಸವನ್ನು ಎರಡು ದಿಕ್ಕಿನಿಂದ ಅಳೆಯಿರಿ. ಮರ ಒಣಗುತ್ತಾ ಎಲ್ಲ ಕಡೆಯೂ ಒಂದೇ ಸಮ ಕುಗ್ಗುವುದಿಲ್ಲ. ಆದ್ದರಿಂದ ಹಳೆಯ ಕಾಲು ಕೂದಲೆಳೆಯಷ್ಟಾದರೂ ಅಂಡಾಕಾರಕ್ಕೆ ತಿರುಗಿರುತ್ತದೆ. ಸವೆತವೂ ಸರಿಯಾದ ಕಡೆ ಇರಬೇಕು: ಕೈಯೂರುವಲ್ಲಿ, ಮುಂದಿನ ಅಂಚಿನಲ್ಲಿ, ಕಾಲಿನ ತುದಿಯಲ್ಲಿ. ಯಾರ ಕೈಯೂ ತಾಗದ ಮೂಲೆಯಲ್ಲಿ ಸವೆತ ಕಂಡರೆ ಅದು ಉಜ್ಜುಕಾಗದದ ಕೆಲಸ.

5. ಹಳೆಯ ಮಂಚವೋ, ಹಳೆ ಮರದ ಹೊಸ ಮಂಚವೋ?

ಕೆಡವಿದ ಮನೆಗಳ ಕಂಬ, ಬಾಗಿಲುಗಳನ್ನು ಕೊಯ್ದು ಹೊಸದಾಗಿ ದಿವಾನ ಮಾಡುವವರು ತುಂಬ ಮಂದಿ ಇದ್ದಾರೆ. ಹಾಗೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಪಳಗಿದ ಮರ ಬಾಗುವುದು, ಸೀಳುವುದು ಕಡಿಮೆ. ಆದರೆ ಬೆಲೆ ಬೇರೆ ಇರಬೇಕು. ಅರ್ಥವಿಲ್ಲದ ಜಾಗದಲ್ಲಿ ಮುಚ್ಚಿದ ತೂತು, ಚಿಲಕದ ಗುರುತು ಕಂಡರೆ ಆ ಹಲಗೆ ಹಿಂದೆ ಬಾಗಿಲಾಗಿತ್ತು.

6. ಮರ ಗುರುತಿಸಿ

ತೇಗಕ್ಕೆ ಎಣ್ಣೆಯ ಜಿಡ್ಡು, ತೊಗಲಿನಂಥ ವಾಸನೆ. ಬೀಟೆ ಅದಕ್ಕಿಂತ ಭಾರ, ನೇರಳೆಗಂದು ಮೈಯಲ್ಲಿ ಕಪ್ಪು ಗೆರೆ. ಮಾವಿನ ಮರಕ್ಕೆ ಬಣ್ಣ ಬಳಿದು ಬೀಟೆ ಎನ್ನುವುದುಂಟು. ಅಡಿಯಲ್ಲಿ ಉಗುರಿನಷ್ಟು ಜಾಗ ಕೆರೆದು ನೋಡಲು ಅನುಮತಿ ಕೇಳಿ.

7. ಹುಳುವಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ

ತೂತು ಕಂಡೊಡನೆ ಬಿಟ್ಟುಬರಬೇಕಾಗಿಲ್ಲ. ಅಂಚು ಕಪ್ಪಾದ, ಪುಡಿ ಉದುರದ ತೂತು ಹೆಚ್ಚಾಗಿ ಹಳೆಯ ಕಥೆ. ತಟ್ಟಿದಾಗ ಹಿಟ್ಟಿನಂಥ ಪುಡಿ ಬಿದ್ದರೆ ಹುಳು ಒಳಗಿದೆ. ಅದು ಹೆಚ್ಚಾಗಿ ತಿನ್ನುವುದು ಚೇಗು ಕಟ್ಟದ ಬಿಳಿ ಮರವನ್ನು. ಕಾಲಿನ ತುದಿ, ಕಚ್ಚಿನ ಸಂದುಗಳಿಗೆ ಸೂಜಿ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಕೊಳ್ಳಬೇಡಿ. ಉಳಿದಂತೆ ಅನುಮಾನವಿರುವುದನ್ನು ಮದ್ದು ಹಾಕಿಸಿ, ಬೇರೆ ಸಾಮಾನಿನಿಂದ ದೂರವಿಟ್ಟು, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಗಮನಿಸಿ.

8. ಬೆತ್ತ ಹರಿದಿದ್ದರೆ ಬೆಲೆ ಇಳಿಸಿ

ಚೌಕಟ್ಟಿನ ಸುತ್ತ ಸಾಲಾಗಿ ತೂತು ಕೊರೆದು ಹೆಣೆದದ್ದು ಕೈಕೆಲಸ. ತೋಡಿನಲ್ಲಿ ಕೂರಿಸಿದ್ದು ಸಿದ್ಧ ಹಾಳೆ. ಜೋತ ಬೆತ್ತಕ್ಕೆ ಅಡಿಯಿಂದ ನೀರು ಚಿಮುಕಿಸಿ ಗಾಳಿಗೆ ಒಣಗಿಸಿದರೆ ಬಿಗಿಯಾಗುತ್ತದೆ. ಹರಿದದ್ದಕ್ಕೆ ಹೊಸ ಹೆಣಿಗೆಯೇ ಗತಿ. ಅದರ ಕೂಲಿ ಎಷ್ಟೆಂದು ಮೊದಲೇ ವಿಚಾರಿಸಿ, ಕೇಳಿದ ಬೆಲೆಯಲ್ಲಿ ಕಳೆಯಿರಿ.

9. ಪಾಲಿಶ್ ಕೆರೆಸಬೇಡಿ, ಮಲಗದೆ ಕೊಳ್ಳಬೇಡಿ

ಹಳೆಯ ಪಾಲಿಶ್ ಅರಗಿನದು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದರೆ ಅದು ಅಂಟಂಟಾಗುತ್ತದೆ. ಮೆಲಮೈನ್, ಪಿಯು ಲೇಪ ಹಾಗಾಗುವುದಿಲ್ಲ. ತಲೆಮಾರುಗಳ ಕೈ ತಾಗಿ ಬಂದ ಬಣ್ಣವನ್ನು ಯಂತ್ರ ಹಾಕಿ ಉಜ್ಜಿಸಿದರೆ ಮತ್ತೆ ತರಲಾಗದು. ಧೂಳು ಒರೆಸಿ ಜೇನುಮೇಣ ತಿಕ್ಕಿದರೆ ಸಾಕು.

ದಿವಾನದ ಮೇಲೆ ಕೂತು, ಮಲಗಿ, ಹೊರಳಿ ನೋಡಿ. ಕಿರುಗುಟ್ಟಿದರೆ ಸಂದು ಸಡಿಲವಾಗಿದೆ. ಹಾಸಿಗೆ ಸೇರಿ ಹದಿನೆಂಟು ಇಂಚಿನ ಆಸುಪಾಸು ಎತ್ತರವಿದ್ದರೆ ಮನೆಯ ಹಿರಿಯರಿಗೆ ಏಳುವುದು ಸುಲಭ. ದಪ್ಪ ಫೋಮ್ ಬೇಡ, ಹತ್ತಿಯ ತೆಳು ಹಾಸಿಗೆ, ಬೂರುಗದ ಹತ್ತಿಯ ಲೋಡು ಹಾಕಿ.

10. ಬಿಲ್ಲಿನಲ್ಲಿ ಬರೆಸಿ, ಊರಿಗೆ ಫೋನ್ ಮಾಡಿ

ಮರ ಯಾವುದು, ಅಂದಾಜು ಕಾಲ, ಆದ ರಿಪೇರಿ ಎಲ್ಲವೂ ಬಿಲ್ಲಿನಲ್ಲಿರಲಿ. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆಯಿದ್ದರೆ ಇದು ಇನ್ನೂ ಮುಖ್ಯ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬೀಟೆಯದಾದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳೂ ಅನ್ವಯಿಸುತ್ತವೆ.

ಇಷ್ಟೆಲ್ಲ ಮಾಡುವ ಮೊದಲು ಊರಿನ ಮನೆಯ ಅಟ್ಟ, ಹಿತ್ತಿಲ ಕೊಟ್ಟಿಗೆ, ಚಿಕ್ಕಪ್ಪನ ಮನೆಯ ಮೂಲೆಕೋಣೆಯಲ್ಲಿ ಏನಿದೆ ಎಂದು ವಿಚಾರಿಸಿ. ಹಳೆಯ ಮನೆ ಕೆಡವಲು ಮಾತಾಡಿದಾಗ ಮಂಚವೂ ಮರದ ರಾಶಿಯ ಜೊತೆ ತೂಕಕ್ಕೆ ಹೋಗಿಬಿಡುತ್ತದೆ. ನಿಮ್ಮ ಬಂಧುಗಳಲ್ಲಿ ಯಾರದಾದರೂ ಮನೆ ಈ ವರ್ಷ ಕೆಡವುವುದಿದ್ದರೆ, ದಯವಿಟ್ಟು ಇವತ್ತೇ ಫೋನ್ ಮಾಡಿ.